ಗುಳೆ ಹೋದವರ ಹೆಸರಿನ ಮುಂದೆ ‘ಸ್ಥಳಾಂತರ’ ಎಂದು ಬರೆಯಬಹುದೇ?

ಹೊಲದಬದು (ರಾಯಚೂರು ಜಿಲ್ಲೆ)

ಊರಿನ ಹೆಸರು ಬೇಡ. ಎಡದಂಡೆ ಕಾಲುವೆಯ ಕೊನೆಯ ಭಾಗ ಎಂದರೆ ಈ ಕಡೆಯವರಿಗೆ ಅರ್ಥವಾಗುತ್ತದೆ: ನೀರು ಬಂದರೆ ಭತ್ತ, ಬಾರದಿದ್ದರೆ ಬೆಂಗಳೂರು. ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಅಪ್ಪ ಅವ್ವ ಇಬ್ಬರೂ ಮೇಸ್ತ್ರಿಯಿಂದ ಮುಂಗಡ ಪಡೆದು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮೊಹರಂಗೆ ಬರುತ್ತಾರೆ, ಮಳೆ ಹಿಡಿದರೆ ಬಿತ್ತನೆಗೆ ಬರುತ್ತಾರೆ. ಅಜ್ಜಿಯನ್ನೂ ಜೆರಾಕ್ಸ್ ಅಂಗಡಿಯನ್ನೂ ನೋಡಿಕೊಂಡು ನಾನು ಇಲ್ಲಿಯೇ ಇದ್ದೇನೆ.

ಮೊನ್ನೆ ಪಂಚಾಯಿತಿಯ ಗೋಡೆಗೆ ಅಂಟಿಸಿದ ಮತದಾರರ ಪಟ್ಟಿ ನೋಡಲು ಹೋದೆ. ಅವ್ವನ ಚೌಕದ ಮೇಲೆ ಓರೆಯಾಗಿ ‘ಅಳಿಸಲಾಗಿದೆ’ ಎಂಬ ಮುದ್ರೆ, ಕ್ರಮಸಂಖ್ಯೆಯ ಹಿಂದೆ ‘ಎಸ್’ ಎಂಬ ಅಕ್ಷರ. ಕೇಳಿದರೆ ‘ಸ್ಥಳಾಂತರ’ ಎಂದರು. ಅಪ್ಪನ ಹೆಸರು ಮಾತ್ರ ಹಾಗೆಯೇ ಇದೆ. ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಹೋದ ಗಂಡ ಹೆಂಡತಿಯಲ್ಲಿ ಗಂಡ ಊರಿನಲ್ಲಿದ್ದಾನೆ, ಹೆಂಡತಿ ಊರು ಬಿಟ್ಟಿದ್ದಾಳೆ! ಬೆರಳಿಟ್ಟು ಎಣಿಸಿದೆ, ನಮ್ಮ ಓಣಿಯಲ್ಲೇ ಇಂತಹ ಹನ್ನೊಂದು ಹೆಸರುಗಳಿವೆ. ಯಾರ ಮನೆಗೂ ಒಂದು ಕಾಗದ ಬಂದಿಲ್ಲ. ಇದಕ್ಕೆ ಕಾನೂನಿನಲ್ಲಿ ಏನಿದೆ?

ಕರಿಕೋಟು (ರಾಯಚೂರು)

ತಮ್ಮಾ, ಮೊದಲು ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಗೋಡೆಗೆ ಅಂಟಿಸಿದ ಕಾಗದ ಎರಡು ದಿನಕ್ಕೆ ಮೇಕೆಯ ಪಾಲು.

ಭಾರತದ ಪ್ರಜೆಯಾದವರಿಗೆ ಪಟ್ಟಿ ಸೇರಲು ಮುಖ್ಯವಾಗಿ ಬೇಕಾದದ್ದು ಎರಡು: 18 ವರ್ಷ ತುಂಬಿರಬೇಕು, ಆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ ಆಗಿರಬೇಕು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಇಷ್ಟೇ. ಜಗಳವೆಲ್ಲ ಎರಡನೆಯದರಲ್ಲಿದೆ. 20ನೇ ಸೆಕ್ಷನ್ ಆ ಗಂಟನ್ನು ಅರ್ಧ ಬಿಚ್ಚುತ್ತದೆ. ಒಂದು ಊರಿನಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ನಿವಾಸಿ ಎನ್ನುವಂತಿಲ್ಲ. ಇದು ನಿಮಗೆ ಅನುಕೂಲವಾದ ಮಾತಲ್ಲ, ಗೊತ್ತಿರಲಿ. ಆದರೆ ಅದರ ಬೆನ್ನಿಗೇ 20(1ಎ) ಬರುತ್ತದೆ: ತನ್ನ ಊರಿನಿಂದ ತಾತ್ಕಾಲಿಕವಾಗಿ ದೂರ ಇದ್ದ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲ ಎಂದಾಗುವುದಿಲ್ಲ. ಗುಳೆ ಎಂಬ ಶಬ್ದ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಆದರೂ ಈ ಸಾಲನ್ನು ಓದಿದಾಗಲೆಲ್ಲ ನನಗೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಚೀಲ, ಪಾತ್ರೆ, ಮಕ್ಕಳ ಸಮೇತ ಕುಳಿತವರೇ ಕಣ್ಣಿಗೆ ಬರುತ್ತಾರೆ.

ಹೆಸರು ತೆಗೆಯಲು 22ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. ಆದರೆ 1960ರ ಮತದಾರರ ನೋಂದಣಿ ನಿಯಮಗಳಲ್ಲಿ 21ಎ ಇದೆ. ಸ್ಥಳಾಂತರದ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಅವರ ಮಾತು ಕೇಳಲು ತಕ್ಕ ಅವಕಾಶ ಕೊಡಬೇಕು. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಈಗಾಗಲೇ ಪಟ್ಟಿಯಲ್ಲಿರುವ ಹೆಸರು ಸರಿಯಾಗಿಯೇ ಸೇರಿದೆ ಎಂದು ಮೊದಲು ನಂಬಬೇಕು. ಅಲ್ಲ ಎನ್ನುವ ಅಧಿಕಾರಿ ತನ್ನ ಹತ್ತಿರ ಏನು ಆಧಾರವಿದೆ ಎಂದು ಮತದಾರನಿಗೆ ತಿಳಿಸಿ, ಉತ್ತರ ಕೇಳಿ, ಆಮೇಲೆ ತೀರ್ಮಾನಿಸಬೇಕು.

ದಾರಿ ಎರಡಿವೆ. ಮತದಾರರ ನೋಂದಣಾಧಿಕಾರಿಯ ಆದೇಶವಾದ 15 ದಿನಗಳ ಒಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲಿಯೂ ಸೋತರೆ 30 ದಿನಗಳ ಒಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಬೇಗ ಆಗುವ ದಾರಿ ನಮೂನೆ 6. ಅದರಿಂದ ಹೆಸರು ಸೇರುತ್ತದೆ, ಆದರೆ ತೆಗೆದದ್ದು ತಪ್ಪು ಎಂದು ಯಾರೂ ಎಲ್ಲಿಯೂ ಬರೆಯುವುದಿಲ್ಲ. ನನ್ನ ಮನಸ್ಸು ಮೇಲ್ಮನವಿಯ ಕಡೆಗೆ, ನನ್ನ ಕಕ್ಷಿದಾರರ ಮನಸ್ಸು ಯಾವಾಗಲೂ ನಮೂನೆ 6ರ ಕಡೆಗೆ.

ಗಣಿಧೂಳು (ಸಂಡೂರು)

ನೋಟಿಸ್ ಕೊಡಬೇಕಂತೆ. ಬೀಗ ಹಾಕಿದ ಮನೆಗೆ ನೋಟಿಸ್ ಬಂದರೆ ಓದುವವರು ಯಾರು, ಹಲ್ಲಿಯೇ?

ವಕೀಲರೇ, ಕೋಪ ಮಾಡಿಕೊಳ್ಳಬೇಡಿ. ಕಲಬುರಗಿ ಜಿಲ್ಲೆಯ ಆಳಂದದ ಕಥೆ ನಿಮಗೆ ಗೊತ್ತೇ ಇದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24. ಯಾರದೋ ಹೆಸರಿನಲ್ಲಿ ಯಾರೋ ನಮೂನೆ 7 ತುಂಬಿದ್ದರು. ಅಲ್ಲಿ ಕಣ್ಣಿಗೆ ಬಿತ್ತು, ಉಳಿದವರ ಪುಣ್ಯ. ಬಿಹಾರದಲ್ಲಿ 2025ರಲ್ಲಿ ಎಸ್‌ಐಆರ್, ಅಂದರೆ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಎಂದು ಮಾಡಿದರು, ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗೆ. ಅವರಲ್ಲಿ ನಮ್ಮ ಹಾಗೆ ದುಡಿಯಲು ಹೋದವರು ಎಷ್ಟೋ.

ಇಷ್ಟಕ್ಕೂ ಮತದಾನ ಮೂಲಭೂತ ಹಕ್ಕೇ ಅಲ್ಲ ಎಂದು ಕೋರ್ಟೇ ಹೇಳಿದೆಯಲ್ಲ? ಹಕ್ಕೇ ಅಲ್ಲದ್ದಕ್ಕೆ ಇಷ್ಟೊಂದು ಸೆಕ್ಷನ್ ಏಕೆ?

ಕರಿಕೋಟು (ರಾಯಚೂರು)

ಬಿಹಾರದ ಪೂರ್ತಿ ಕಥೆ ಹೇಳಿ. ಅದೇ ವರ್ಷದ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಮಾಡಿ, ಹೊರಗುಳಿದ ಅಷ್ಟೂ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಎಂದಿತು. ಸೆಪ್ಟೆಂಬರ್ 8ರಂದು ಆಧಾರ್ ಅನ್ನು ಗುರುತಿನ ಹನ್ನೆರಡನೆಯ ದಾಖಲೆಯಾಗಿ ಒಪ್ಪಿಕೊಳ್ಳಿ ಎಂದಿತು. ಹೆಸರು ಉಳಿಯಿತೋ ಇಲ್ಲವೋ ಬೇರೆ ಮಾತು, ಕಾರಣ ಹೇಳದೆ ಬಾಗಿಲು ಹಾಕುವಂತಿಲ್ಲ ಎಂಬುದಾದರೂ ನಿಂತಿತು.

ಹಕ್ಕಿನ ಪ್ರಶ್ನೆಗೆ ಬರೋಣ. 1952ರ ಪೊನ್ನುಸ್ವಾಮಿ ಪ್ರಕರಣದಿಂದ ಈ ಹಗ್ಗಜಗ್ಗಾಟ ಇದೆ. 1982ರಲ್ಲಿ ಜ್ಯೋತಿ ಬಸು ಪ್ರಕರಣದಲ್ಲಿ, ಇದು ಶಾಸನ ಕೊಟ್ಟ ಹಕ್ಕು ಮಾತ್ರ, ಮೂಲಭೂತವಲ್ಲ ಎಂದರು. 2003ರ ಪಿಯುಸಿಎಲ್ ತೀರ್ಪಿನಲ್ಲಿ ಒಂದು ಎಳೆ ಬಿಡಿಸಿದರು: ಮತ ಹಾಕುವ ಹಕ್ಕು ಬೇರೆ, ಯಾರಿಗೆ ಹಾಕಬೇಕೆಂದು ಆರಿಸುವ ಸ್ವಾತಂತ್ರ್ಯ ಬೇರೆ, ಎರಡನೆಯದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. 2013ರಲ್ಲಿ ನೋಟಾ ಗುಂಡಿ ಬಂದದ್ದು ಈ ಎಳೆ ಹಿಡಿದೇ. ನಡುವೆ 2006ರ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಮತ್ತೆ ಶಾಸನದ ಹಕ್ಕು ಎಂದರು. 2023ರ ಅನೂಪ್ ಬರನ್‌ವಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಅಜಯ್ ರಸ್ತೋಗಿ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಇದು ಮೂಲಭೂತ ಹಕ್ಕೇ ಎಂದು ಬರೆದರು. ಅದು ಪೀಠದ ಬಹುಮತದ ಮಾತಲ್ಲ.

ನನ್ನ ಕಕ್ಷಿದಾರರಿಗೆ ನಾನು ಪಹಣಿಯ ಲೆಕ್ಕ ಹೇಳುತ್ತೇನೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಲದ ಒಡೆತನ ಹುಟ್ಟುವುದಿಲ್ಲ. ಆದರೆ ಪಹಣಿಯಲ್ಲಿ ಹೆಸರಿಲ್ಲದ ಒಡೆಯನಿಗೆ ಸೊಸೈಟಿಯಲ್ಲಿ ಸಾಲ ಕೊಡುವವರಿಲ್ಲ. ಸಂವಿಧಾನದ 326ನೇ ವಿಧಿ ನಿಮ್ಮನ್ನು ಒಡೆಯನನ್ನಾಗಿ ಮಾಡಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಮಾತ್ರ, ಪಟ್ಟಿಯಲ್ಲಿ ಹೆಸರಿಲ್ಲದವನು ಮತ ಹಾಕುವಂತಿಲ್ಲ ಎನ್ನುತ್ತದೆ. ಆದ್ದರಿಂದ ಮೂಲಭೂತವೋ ಅಲ್ಲವೋ ಎಂಬ ಚರ್ಚೆ ದೆಹಲಿಯಲ್ಲಿ ನಡೆಯಲಿ, ಇಲ್ಲಿ ಪಟ್ಟಿಯನ್ನು ಕಾಯೋಣ.

ಅಂಗನವಾಡಿ ಅಕ್ಕ (ಕೊಪ್ಪಳ ಜಿಲ್ಲೆ)

ನಾನು ಏಳು ವರ್ಷಗಳಿಂದ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಎಲ್ಲರೂ ಬೈಯುವುದು ನಮ್ಮನ್ನೇ ಆದ್ದರಿಂದ ಎರಡು ಮಾತು ನನ್ನದೂ ಇರಲಿ.

ಬೆಳಿಗ್ಗೆ ಮಕ್ಕಳಿಗೆ ಊಟ ಬಡಿಸಿ, ಮಧ್ಯಾಹ್ನದ ಮೇಲೆ ಮನೆ ಮನೆ ಸುತ್ತುತ್ತೇವೆ. ಬೀಗ. ಪಕ್ಕದ ಮನೆಯವರನ್ನು ಕೇಳಿದರೆ ‘ಬೆಂಗಳೂರಿಗೆ ಹೋಗಿದ್ದಾರೆ’ ಎನ್ನುತ್ತಾರೆ. ಯಾವಾಗ ಬರುತ್ತಾರೆ ಎಂದರೆ ಕೈ ತಿರುಗಿಸುತ್ತಾರೆ. ಮೊಬೈಲ್‌ನಲ್ಲಿ ತುಂಬುವಾಗ ಸತ್ತಿದ್ದಾರೆ, ಸ್ಥಳಾಂತರ, ಎರಡು ಬಾರಿ ದಾಖಲು ಇಂಥವೇ ಇರುತ್ತವೆ. ‘ಗುಳೆ ಹೋಗಿದ್ದಾರೆ, ಬರುತ್ತಾರೆ’ ಎಂದು ಬರೆಯಲು ಜಾಗವಿಲ್ಲ. ಮೇಲಿನಿಂದ ದಿನಾ ಫೋನ್: ಎಷ್ಟು ಮನೆ ಮುಗಿಯಿತು?

ಅಪ್ಪನ ಹೆಸರು ಉಳಿದು ಅವ್ವನದು ಹೋಗಿದೆ ಎಂದಿರಲ್ಲ, ನನಗೆ ಆಶ್ಚರ್ಯವಿಲ್ಲ. ಗಂಡಸಿನ ಬಗ್ಗೆ ಕೇಳಿದರೆ ‘ಅವನ ಹೊಲ ಇಲ್ಲಿದೆ, ಬಂದೇ ಬರುತ್ತಾನೆ’ ಎನ್ನುತ್ತಾರೆ. ಹೆಂಗಸಿನ ಬಗ್ಗೆ ಕೇಳಿದರೆ ‘ಅವಳೂ ಹೋದಳು’ ಎನ್ನುತ್ತಾರೆ. ಅವಳ ಹೆಸರಿನಲ್ಲಿ ಊರಿನಲ್ಲಿ ಏನೂ ಇರುವುದಿಲ್ಲ, ಹಾಗಾಗಿ ಅವಳು ಬರುತ್ತಾಳೆಂದು ಹೇಳಲು ಯಾರಿಗೂ ನೆನಪಾಗುವುದಿಲ್ಲ.

ನಾನು ನನ್ನ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಗು’ ಎಂದು ಬರೆದುಕೊಳ್ಳುತ್ತೇನೆ. ಗು ಇದ್ದ ಮನೆಗೆ ಹಬ್ಬದಲ್ಲಿ ಮತ್ತೆ ಹೋಗುತ್ತೇನೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಹೊಲದಬದು

ಅಕ್ಕಾ, ನಿಮ್ಮಂಥವರು ನಮ್ಮ ಊರಿಗೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆ ಮಾತು ಓದಿ ಅಜ್ಜಿಗೆ ಹೇಳಿದೆ. ‘ಪಹಣಿ ಅಪ್ಪನ ಹೆಸರಿಗೆ, ರೇಷನ್ ಕಾರ್ಡ್ ಮಾತ್ರ ಅವ್ವನ ಹೆಸರಿಗೆ, ಅದನ್ನಾದರೂ ನೋಡಬಾರದಿತ್ತೇ’ ಎಂದಳು.

ತಗಡಿನಶೆಡ್ (ಲಿಂಗಸುಗೂರು ಕಡೆಯವನು, ಸದ್ಯ ಬೆಂಗಳೂರು)

ನೀವೆಲ್ಲ ಹೆಸರು ಉಳಿಸುವ ಮಾತನಾಡುತ್ತಿದ್ದೀರಿ. ನನ್ನ ಹೆಸರು ಊರಿನ ಪಟ್ಟಿಯಲ್ಲಿ ಭದ್ರವಾಗಿದೆ. ಅದರಿಂದ ಏನಾಯಿತು ಕೇಳಿ.

2024ರ ಲೋಕಸಭಾ ಚುನಾವಣೆ. ಬೆಂಗಳೂರಿನಲ್ಲಿ ಏಪ್ರಿಲ್ 26, ಶುಕ್ರವಾರ ಮತದಾನ. ಅಂದು ಕೆಲಸ ಬಂದ್, ನಾವು ಶೆಡ್ಡಿನಲ್ಲಿ ಬಟ್ಟೆ ಒಗೆದುಕೊಂಡು ಕುಳಿತೆವು. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಮತದಾನ ಮೇ 7, ಮಂಗಳವಾರ. ಅಂದು ಬೆಂಗಳೂರಿಗೆ ಮಾಮೂಲಿ ದಿನ, ಕಾಂಕ್ರೀಟ್ ಹಾಕುವ ದಿನ. ಊರಿಗೆ ಹೋಗುತ್ತೇನೆ ಎಂದರೆ ಸೈಟಿನವರು ‘ಮೊನ್ನೆ ರಜೆ ಕೊಟ್ಟೆವಲ್ಲ’ ಎಂದರು. ಅದು ಅವರ ಮತದ ರಜೆ, ನಮ್ಮದಲ್ಲ ಎಂದು ಹೇಳಿದರೆ ನಕ್ಕರು. ಹೋದೆ. ರಾತ್ರಿ ಬಸ್ಸಿನಲ್ಲಿ ನಿಂತೇ ಹೋಗಿ, ಮತ ಹಾಕಿ, ರೊಟ್ಟಿ ಕಟ್ಟಿಸಿಕೊಂಡು ಅದೇ ರಾತ್ರಿ ಹೊರಟೆ. ಎರಡು ದಿನದ ಕೂಲಿ ಹೋಯಿತು, ಬಸ್ಸಿನ ಹಣ ಬೇರೆ.

ಬೆರಳಿನ ಮಸಿ ನೋಡಿದ ಮೇಸ್ತ್ರಿ ‘ಅದನ್ನು ಅಡವಿಟ್ಟರೆ ಮುಂಗಡ ತೀರುತ್ತದೆಯೇ’ ಎಂದ. ಮೇಸ್ತ್ರಿಯೂ ನಮ್ಮ ಕಡೆಯವನೇ.

ಅನಿವಾಸಿ ಭಾರತೀಯರಿಗೆ ಊರಿನ ಪಟ್ಟಿಯಲ್ಲಿ ಜಾಗ ಕೊಡಲು 20ಎ ಎಂಬ ಸೆಕ್ಷನ್ ಸೇರಿಸಿದರು. ಸೈನಿಕರಿಗೆ ಅಂಚೆ ಮತ ಇದೆ. ಗುಳೆ ಹೋದವನಿಗೆ ಏನಿದೆ? 2023ರ ಜನವರಿಯಲ್ಲಿ ದೂರದಿಂದ ಮತ ಹಾಕುವ ಯಂತ್ರ ಎಂದು ಚುನಾವಣಾ ಆಯೋಗ ಪಕ್ಷಗಳಿಗೆ ತೋರಿಸಲು ಕರೆಯಿತು, ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳು. ವಿರೋಧ ಪಕ್ಷಗಳು ಬೇಡ ಎಂದವು, ಮಾತು ಅಲ್ಲಿಗೇ ನಿಂತಿತು.

ನಿವೃತ್ತ ಮೇಷ್ಟ್ರು (ಗಂಗಾವತಿ)

ತಮ್ಮಾ, ನಿನ್ನ ಮಾತು ಓದಿ ಬೇಸರವಾಯಿತು. ಸೈಟಿನವರು ನಕ್ಕದ್ದು ತಪ್ಪು. 1951ರ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನದ ರಜೆ ಮತ ಹಾಕುವವನದು, ಅವನ ಕೂಲಿ ಕಡಿತ ಮಾಡುವಂತಿಲ್ಲ, ದಿನಗೂಲಿಯವನಿಗೂ ಅಂದಿನ ಕೂಲಿ ಕೊಡಬೇಕು. ಮೀರಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ. 1996ರಲ್ಲಿ ಸೇರಿಸಿದ ಸೆಕ್ಷನ್, ದಂಡ ಇಂದಿಗೂ ಅಷ್ಟೇ. ಒಂದು ಲೋಡ್ ಮರಳಿನ ಮುಂದೆ ಅದು ಯಾವ ಲೆಕ್ಕ?

ಒಂದು ರಜೆಯ ಬೆಲೆ ಏನೆಂದು ತಿಳಿಯಬೇಕಾದರೆ 2004ರ ಸಂತೇಮರಹಳ್ಳಿ ನೆನಪಿಸಿಕೊಳ್ಳಿ. ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರ ಎದುರು ಒಂದೇ ಒಂದು ಮತದಿಂದ ಸೋತರು. ಅವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವು ಸಿಕ್ಕಿರಲಿಲ್ಲ ಎಂದು ಇಂದಿಗೂ ಜನ ಹೇಳುತ್ತಾರೆ.

ನಮ್ಮ ಮಸ್ಕಿಯನ್ನೇ ನೋಡಿ. 2018ರಲ್ಲಿ ಅಲ್ಲಿ ಗೆಲುವಿನ ಅಂತರ 213 ಮತ. ಒಂದು ತಾಂಡಾದ ಜನ ಬೆಂಗಳೂರಿನಿಂದ ಬಂದರೆ ಒಂದು ಫಲಿತಾಂಶ, ಬಾರದಿದ್ದರೆ ಇನ್ನೊಂದು. ಸೋತವರು ಅಕ್ರಮ ಮತದಾನದ ದೂರು ಹೊತ್ತು ಹೈಕೋರ್ಟಿಗೆ ಹೋದರು. ಮುಂದೆ ಶಾಸಕರ ಸ್ಥಾನ ತೆರವಾಗಿ, ರಾಜ್ಯದ 15 ಕ್ಷೇತ್ರಗಳಿಗೆ 2019ರ ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆದಾಗ, ಆ ಅರ್ಜಿಯ ಕಾರಣಕ್ಕೆ ಮಸ್ಕಿಗೆ ನಡೆಯಲಿಲ್ಲ. ಕೊನೆಗೆ ನಡೆದದ್ದು 2021ರ ಏಪ್ರಿಲ್ 17ರಂದು. ಅಷ್ಟು ದಿನ ಕ್ಷೇತ್ರಕ್ಕೆ ಶಾಸಕರಿಲ್ಲ.

ನಾನು ಮತಗಟ್ಟೆ ಅಧಿಕಾರಿಯಾಗಿ ಹಲವು ಚುನಾವಣೆ ಮಾಡಿದವನು. ಒಮ್ಮೆ ಸಂಜೆ ನಾಲ್ಕರ ಹೊತ್ತಿಗೆ ಒಬ್ಬ ಹೆಣ್ಣುಮಗಳು ಓಡುತ್ತಾ ಬಂದಳು, ಕೈಯಲ್ಲಿ ಬಸ್ಸಿನ ಟಿಕೆಟ್ ಇನ್ನೂ ಹಾಗೇ ಇತ್ತು. ಪಟ್ಟಿ ತೆಗೆದು ನೋಡಿದರೆ ಅವಳ ಮತ ಬೆಳಿಗ್ಗೆಯೇ ಬಿದ್ದಿದೆ. ಗುಳೆ ಹೋದವರು ಬರುವುದಿಲ್ಲ ಎಂದು ಯಾರೋ ಧೈರ್ಯ ಮಾಡಿದ್ದರು. ಏಜೆಂಟರು ತಲೆ ತಗ್ಗಿಸಿ ಕುಳಿತಿದ್ದರು. ಎರಡು ರೂಪಾಯಿ ಕಟ್ಟಿ ಗುರುತನ್ನು ಆಕ್ಷೇಪಿಸುವ ಅವಕಾಶ ಅವರಿಗೆ ಬೆಳಿಗ್ಗೆ ಇತ್ತು, ಯಾರೂ ಕಟ್ಟಿರಲಿಲ್ಲ. ನಾನು 49ಪಿ ನಿಯಮದಂತೆ ಕಾಗದದ ಮತಪತ್ರ ಕೊಟ್ಟೆ. ಟೆಂಡರ್ ಮತ ಎನ್ನುತ್ತಾರೆ. ಅವಳು ಗುರುತು ಹಾಕಿ ಕೊಟ್ಟಳು, ನಾನು ಲಕೋಟೆಯಲ್ಲಿಟ್ಟೆ. ‘ಇದನ್ನು ಎಣಿಸುತ್ತಾರಲ್ಲ ಸರ್’ ಎಂದು ಕೇಳಿದಳು. ಕೋರ್ಟಿನಲ್ಲಿ ತಕರಾರು ಎದ್ದು ಆದೇಶವಾಗದ ಹೊರತು ಆ ಲಕೋಟೆಯನ್ನು ಯಾರೂ ತೆರೆಯುವುದಿಲ್ಲ. ನಾನು ‘ಹೌದಮ್ಮ’ ಎಂದೆ.

ಗಣಿಧೂಳು (ಸಂಡೂರು)

ಮೇಷ್ಟ್ರೇ, ಆ ‘ಹೌದಮ್ಮ’ ನನಗೆ ಅರ್ಥವಾಯಿತು.

ಆದರೆ ಬಸ್ಸಿನ ಮಾತು ಯಾರೂ ಎತ್ತುತ್ತಿಲ್ಲ. ಪಂಚಾಯಿತಿ ಚುನಾವಣೆ ಬಂದರೆ ಬೆಂಗಳೂರಿನ ಶೆಡ್ಡಿನ ಮುಂದೆಯೇ ಖಾಸಗಿ ಬಸ್ಸು ಬಂದು ನಿಲ್ಲುತ್ತದೆ. ದಾರಿಯಲ್ಲಿ ಊಟ, ಕೈಗೆ ಖರ್ಚಿನ ಹಣ, ವಾಪಸ್ಸೂ ಅವರೇ ಬಿಡುತ್ತಾರೆ. ವಿಧಾನಸಭೆಗೂ ಇದನ್ನು ಕಂಡಿದ್ದೇನೆ. ತಗಡಿನಶೆಡ್ ಅಣ್ಣ ನಿಂತುಕೊಂಡು ಹೋದರು, ಎಷ್ಟೋ ಜನ ಕುಳಿತುಕೊಂಡೇ ಹೋಗುತ್ತಾರೆ.

ಕರಿಕೋಟು (ರಾಯಚೂರು)

ಪಂಚಾಯಿತಿಗೆ ರಾಜ್ಯದ ಕಾಯ್ದೆ ಬೇರೆ ಇದೆ, ಅದನ್ನು ಬಿಡಿ. ವಿಧಾನಸಭೆ, ಲೋಕಸಭೆಗೆ 1951ರ ಕಾಯ್ದೆಯ 123(5) ಇದೆ. ಅಭ್ಯರ್ಥಿ ಅಥವಾ ಅವನ ಏಜೆಂಟ್, ಇಲ್ಲವೇ ಅವರ ಒಪ್ಪಿಗೆಯಿಂದ ಬೇರೆ ಯಾರೇ ಆಗಲಿ, ಮತದಾರರನ್ನು ಮತಗಟ್ಟೆಗೆ ಪುಕ್ಕಟೆ ಸಾಗಿಸಲು ವಾಹನ ಗೊತ್ತು ಮಾಡಿದರೆ ಅದು ಭ್ರಷ್ಟಾಚಾರ. ಗೆದ್ದವರ ಆಯ್ಕೆ ರದ್ದಾಗಬಹುದು, ಆರು ವರ್ಷದವರೆಗೆ ಅನರ್ಹತೆಯೂ ಬರಬಹುದು. 133ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಬೇರೆ.

ಕಾಗದದ ಮೇಲೆ ಹುಲಿ. ಸಾಬೀತು ಮಾಡುವಾಗ ವಾಹನ ಗೊತ್ತು ಮಾಡಿದ್ದು, ಪುಕ್ಕಟೆ ಸಾಗಿಸಿದ್ದು, ಅಭ್ಯರ್ಥಿಯ ಒಪ್ಪಿಗೆ ಇದ್ದದ್ದು, ಎಲ್ಲವೂ ಬೇಕು. ಕ್ರಿಮಿನಲ್ ಮೊಕದ್ದಮೆಯಷ್ಟೇ ಗಟ್ಟಿ ಸಾಕ್ಷ್ಯ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ಬೆಂಗಳೂರಿನಿಂದ ಊರಿನ ಅಗಸೆಯವರೆಗೆ ಬಂದ ಬಸ್ಸು ‘ಮತಗಟ್ಟೆಗೆ’ ಬಂದಂತಾಯಿತೇ ಎಂದು ಎದುರು ವಕೀಲರು ಮೊದಲ ದಿನವೇ ಕೇಳುತ್ತಾರೆ. ಅರ್ಜಿ ಹಾಕಲು ಇರುವುದು 45 ದಿನ, ಅಷ್ಟರಲ್ಲಿ ಬಸ್ಸಿನ ಸಾಕ್ಷಿಗಳೆಲ್ಲ ಬೆಂಗಳೂರಿಗೆ ಹೋಗಿರುತ್ತಾರೆ.

ಅದೇ ಸೆಕ್ಷನ್ನಿನಲ್ಲಿ ಒಂದು ರಿಯಾಯಿತಿ ಇದೆ, ಓದಿದಾಗಲೆಲ್ಲ ನಗು ಬರುತ್ತದೆ. ಮತದಾರರೇ ಕೂಡಿ ಖರ್ಚು ಹಾಕಿಕೊಂಡು ವಾಹನ ಬಾಡಿಗೆ ಪಡೆದರೆ ತಪ್ಪಲ್ಲ, ಆದರೆ ಅದು ಯಂತ್ರದಿಂದ ಓಡುವ ವಾಹನವಾಗಿರಬಾರದು. ಅಂದರೆ ಎತ್ತಿನ ಗಾಡಿ. ಬೆಂಗಳೂರಿನಿಂದ ಎತ್ತಿನ ಗಾಡಿ ಹೂಡಿಕೊಂಡು ಬನ್ನಿ! ಹೆದರಬೇಡಿ, ಅಭ್ಯರ್ಥಿಯ ಕೈ ಇಲ್ಲದೆ ನೀವೇ ಚಂದಾ ಎತ್ತಿ ಕ್ರೂಸರ್ ಮಾಡಿಕೊಂಡು ಬಂದರೆ ಅದು ಈ ಸೆಕ್ಷನ್ನಿನ ಒಳಗೇ ಬರುವುದಿಲ್ಲ. ಸ್ವಂತ ದುಡ್ಡಿನಲ್ಲಿ ಸರ್ಕಾರಿ ಬಸ್ಸು, ರೈಲು ಹತ್ತಿದರೂ ತಕರಾರಿಲ್ಲ.

ತಗಡಿನಶೆಡ್

ವಕೀಲ ಸರ್, ಹಾಗಾದರೆ ನಾನು ಹೆಸರನ್ನು ಬೆಂಗಳೂರಿಗೇ ತಂದುಕೊಳ್ಳಲೇ? ಇಲ್ಲಿ ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ಲಿಲ್ಲ. ಶೆಡ್ಡಿನ ನಂಬರ್ ಎಂದರೆ ತಗಡಿನ ಮೇಲೆ ಸುಣ್ಣದಲ್ಲಿ ಬರೆದ 14.

ಅಂಗನವಾಡಿ ಅಕ್ಕ (ಕೊಪ್ಪಳ ಜಿಲ್ಲೆ)

ದಾಖಲೆ ಇಲ್ಲದಿದ್ದರೂ ಆಗುತ್ತದೆ ತಮ್ಮಾ. ಮನೆಯೇ ಇಲ್ಲದವರಿಗೆ ನಮ್ಮ ಕೈಪಿಡಿಯಲ್ಲಿ ದಾರಿ ಇದೆ. ಅರ್ಜಿಯಲ್ಲಿ ಕೊಟ್ಟ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ, ಆ ಮನುಷ್ಯ ಅಲ್ಲಿ ನಿಜವಾಗಿ ಮಲಗುತ್ತಾನೆಯೇ ಎಂದು ನೋಡಬೇಕು. ಮಲಗಿದ್ದರೆ ವಿಳಾಸದ ಕಾಗದ ಬೇಡ. ರಾತ್ರಿ ಬಿಎಲ್‌ಒ ಬರುತ್ತಾರೆಯೇ ಎಂದು ಮಾತ್ರ ನನ್ನನ್ನು ಕೇಳಬೇಡ, ನನಗೂ ಮನೆ ಇದೆ.

ಕರಿಕೋಟು (ರಾಯಚೂರು)

ತರುವುದಾದರೆ ನಮೂನೆ 8ರಲ್ಲಿ ವರ್ಗಾಯಿಸಿಕೊಳ್ಳಿ, ಊರಿನದು ತಾನಾಗಿ ಹೋಗಬೇಕು. ಹೊಸದಾಗಿ ನಮೂನೆ 6 ಹಾಕಿ ಎರಡು ಕಡೆ ಇಟ್ಟುಕೊಳ್ಳುವ ಜಾಣತನ ಬೇಡ. 1950ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಎರಡು ಕ್ಷೇತ್ರಗಳಲ್ಲಿ ಹೆಸರು ಇರುವಂತಿಲ್ಲ. ಸುಳ್ಳು ಘೋಷಣೆಗೆ 31ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲಿದೆ. ಎರಡೂ ಕಡೆ ಮತ ಹಾಕಿದರೆ 1951ರ ಕಾಯ್ದೆಯ 62(3)ರಂತೆ ಎರಡೂ ಅಸಿಂಧು.

ಆದರೆ ವರ್ಷಕ್ಕೆ ನಾಲ್ಕು ತಿಂಗಳು ಊರಿನಲ್ಲಿ ಬಿತ್ತಿ ಬೆಳೆಯುವವರಾದರೆ ನಿಮ್ಮ ಮತ ಊರಿನದೇ. ಸೈಟು ಮುಗಿದರೆ ಶೆಡ್ಡು ಕಿತ್ತು ಇನ್ನೊಂದು ಕಡೆ ಹಾಕುತ್ತಾರೆ, ಪ್ರತಿ ಸಲ ಹೆಸರು ಹೊತ್ತುಕೊಂಡು ತಿರುಗುತ್ತೀರಾ?

ಹೊಲದಬದು (ಹದಿನೆಂಟು ದಿನಗಳ ನಂತರ)

ಆದದ್ದನ್ನು ಹೇಳುತ್ತೇನೆ. ಹನ್ನೊಂದು ಜನರ ಪರವಾಗಿ ಅರ್ಜಿ ಬರೆದುಕೊಂಡು ಹೋದೆ. 20(1ಎ) ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಅಲ್ಲಿದ್ದವರು ಮೊದಲು ಕುಳಿತುಕೊಳ್ಳಲೂ ಹೇಳಲಿಲ್ಲ. ನೋಟಿಸ್ ಕೊಟ್ಟ ಪ್ರತಿ ತೋರಿಸಿ ಎಂದು ಕೇಳಿದ ಮೇಲೆ ಕುರ್ಚಿ ಬಂತು. ಪ್ರತಿ ಬರಲಿಲ್ಲ.

ಹನ್ನೊಂದರಲ್ಲಿ ಒಬ್ಬರು ನಿಜವಾಗಿ ಮದುವೆಯಾಗಿ ಬೇರೆ ಊರಿಗೆ ಹೋದವರು, ನನಗೇ ಮರೆತಿತ್ತು. ಇಬ್ಬರು ಬೆಂಗಳೂರಿನಲ್ಲಿ ಹೆಸರು ಮಾಡಿಸಿಕೊಂಡಿದ್ದಾರೆ. ಉಳಿದ ಎಂಟು ಜನರದು ನಮೂನೆ 6ರಲ್ಲಿ ತೆಗೆದುಕೊಂಡರು. ವಕೀಲರು ಹೇಳಿದ ಮೇಲ್ಮನವಿಗೆ ಓಣಿಯಲ್ಲಿ ಯಾರೂ ಒಪ್ಪಲಿಲ್ಲ, ‘ಹೆಸರು ಬಂತಲ್ಲ, ಸಾಕು’ ಎಂದರು. ಅವ್ವನ ಹೆಸರು ಬಂದಿದೆ.

ಏಳುವ ಹೊತ್ತಿಗೆ ಕಂಪ್ಯೂಟರ್ ಮುಂದೆ ಇದ್ದವರು ನಮ್ಮ ಮನೆ ನಂಬರ್ ಒತ್ತಿ, ‘ನಿಮ್ಮ ಅಣ್ಣನ ಹೆಸರು ಎರಡು ಕಡೆ ಇದೆಯಲ್ಲ’ ಎಂದರು. ಅಣ್ಣ ಹೋಗಿ ಒಂಬತ್ತು ವರ್ಷ. ಟೈಲ್ಸ್ ಕೆಲಸ, ಮಕ್ಕಳು ಅಲ್ಲಿಯೇ ಶಾಲೆಗೆ ಹೋಗುತ್ತಾರೆ, ಊರಿಗೆ ಬರುವುದು ಮೊಹರಂಗೆ ಮಾತ್ರ. ಪ್ರತಿ ಬಿತ್ತನೆಗೆ ಬರುವ ಅವ್ವನ ಹೆಸರು ಹೊಡೆದವರು ಅಣ್ಣನ ಹೆಸರನ್ನು ಮುಟ್ಟಿರಲಿಲ್ಲ. ನಾನೂ ಪಟ್ಟಿಯಲ್ಲಿ ಅದನ್ನು ನೋಡಿದ್ದೆ, ಅದು ಅಲ್ಲಿ ಇರಬೇಕಾದದ್ದೇ ಎಂದುಕೊಂಡಿದ್ದೆ.

ರಾತ್ರಿ ಫೋನ್ ಮಾಡಿ 17, 31, 62 ಎಲ್ಲ ಓದಿ ಹೇಳಿದೆ. ಎರಡು ಕಡೆ ಎಂದೂ ಹಾಕಿಲ್ಲ, ಬೆಂಗಳೂರಿನಲ್ಲಿ ಕಾರ್ಡು ಮಾಡಿಸಿಕೊಟ್ಟವರು ಊರಿನದು ತಾನೇ ಹೋಗುತ್ತದೆ ಎಂದಿದ್ದರು ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಕ್ಕಳ ಶಾಲೆ ಇಲ್ಲಿಯೇ ಇದೆಯಲ್ಲ, ಊರಿನದನ್ನು ತೆಗೆಸಿಬಿಡು’ ಎಂದ. ಅವ್ವನಿಗೆ ಇನ್ನೂ ಹೇಳಿಲ್ಲ.

ಇವತ್ತು ಅಂಗಡಿಯಲ್ಲಿ ಕುಳಿತು ಅವನ ನಮೂನೆ 7 ತುಂಬಿದೆ, ಸಹಿ ಅವನು ಹಬ್ಬಕ್ಕೆ ಬಂದಾಗ ಹಾಕುತ್ತಾನೆ. ಕಾರಣದ ಜಾಗದಲ್ಲಿ ‘ಶಾಶ್ವತ ಸ್ಥಳಾಂತರ’ ಎಂಬ ಚೌಕಕ್ಕೆ ಗುರುತು ಹಾಕಬೇಕಿತ್ತು. ಹಾಕಿದೆ.